ಅಜ್ಜಿಯ ಮುಷ್ಟಿ

"ಪಟ್ಟೀನ ಬೇಕಾದ್ರೆ ಚಿತ್ರಕ್ಕೆ ಅಂಟಿಸ್ಕೊ, ಓರ್ನೆಲ್ಲಾ. ಗಂಟು ಮಾತ್ರ ಬಿಚ್ಚಬೇಡ. ನಮ್ಮಮ್ಮ ಮಂತ್ರ ಹಾಕಿ ಕಟ್ಟಿರೋದು."

"ಮಂತ್ರಕ್ಕಿಂತ ಉಗುಳೇ ಜಾಸ್ತಿ ಇತ್ತೇನೋ ಅತ್ತೆ!"

"ನಗಬೇಡ್ವೇ. ಆಣೆ ಇಡು."

ಅಜ್ಜಿಯ ಜಪಸರ ಮುಟ್ಟಿ ಓರ್ನೆಲ್ಲಾ ನಗುತ್ತಲೇ ಆಣೆಯಿಟ್ಟಳು.

ಅಜ್ಜಿ ರಫ್ಫೇಲಾ ತವರುನಾಡು ಕಲಾಬ್ರಿಯಾ ಬಿಟ್ಟು ಕಡಲಾಚೆಯ ಈ ಪ್ರಾವಿಡೆನ್ಸಿಗೆ ವಲಸೆ ಬರುವಾಗ, ಹಡಗಿನಲ್ಲೇ ಹುಟ್ಟಿ ಉಸಿರಾಡದ ಕೂಸನ್ನು ಈ ಲಿನನ್ ಪಟ್ಟಿಯಲ್ಲಿ ಸುತ್ತಿ ಮೂರು ಗಂಟು ಹಾಕಿದ್ದಳಂತೆ. ಆ ಕೂಸೇ ಓರ್ನೆಲ್ಲಾಳ ಸೋದರತ್ತೆ ಫಿಲೊಮೆನಾ. ಗೋಡೆಯ ಫೋಟೋದಲ್ಲಿ ಅಜ್ಜಿಯ ಎಡಗೈ ಬಿಗಿಮುಷ್ಟಿ. ಕೇಳಿದವರಿಗೆಲ್ಲ "ವಾತ" ಎನ್ನುತ್ತಿದ್ದಳು. ಮುಷ್ಟಿ ಬಿಚ್ಚದೆಯೇ ಅವಳನ್ನು ಹೂತದ್ದು.

ಭಾನುವಾರ ಇಗರ್ಜಿಯ ಸಭಾಂಗಣದಲ್ಲಿ ಪ್ರದರ್ಶನ. ಮನೆತನದ ನೆನಪನ್ನೆಲ್ಲ ಒಂದೇ ಕ್ಯಾನ್ವಾಸಿಗೆ ತರಬೇಕೆಂದು ಷಿಕಾಗೋದಿಂದ ಬಂದಿದ್ದ ಓರ್ನೆಲ್ಲಾಗೆ ಗಂಟುಗಳದ್ದೇ ತಾಪತ್ರಯ. ಪಟ್ಟಿ ಚಪ್ಪಟೆಯಾಗದು, ಅಂಟು ಹಿಡಿಯದು. ಮಧ್ಯಾಹ್ನ ಒಲೆಯ ಮೇಲೆ ಟೊಮೇಟೊ ಸಾಸ್ ಕುದಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಅತ್ತೆ ನಿದ್ದೆಹೋಗಿದ್ದಳು. ಓರ್ನೆಲ್ಲಾ ದಬ್ಬಣ ತೂರಿಸಿ ಮೊದಲ ಗಂಟು ಬಿಚ್ಚಿದಳು.

ಬೆಳ್ಳುಳ್ಳಿಯ ಘಮವನ್ನು ನುಂಗಿ ಉಪ್ಪುನೀರಿನ, ಒದ್ದೆ ಉಣ್ಣೆಯ, ಹುಳಿತ ಹಾಲಿನ ವಾಸನೆ ಎದ್ದಿತು. ಅತ್ತೆ ಕೆಮ್ಮಿದಳು. ಹಳೇ ಬಟ್ಟೆಯ ಮುಗ್ಗಲು ಎಂದುಕೊಂಡು ಓರ್ನೆಲ್ಲಾ ಎರಡನೆಯದಕ್ಕೆ ಕೈಹಾಕಿದಳು. ಅದೂ ಬಿಚ್ಚಿತು. ಕಿಟಕಿಯಲ್ಲಿ ಬಿಸಿಲಿದ್ದರೂ ಕೋಣೆ ಕತ್ತಲಾಯಿತು. ಗೋಡೆಯಾಚೆ ಅತ್ತೆಯ ಉಸಿರು ಸಿಳ್ಳೆಹಾಕತೊಡಗಿತು. ಇನ್ನೊಂದೇ ತಾನೆ! ಮೂರನೆಯದು ಸಡಿಲವಾಯಿತು.

ಸಿಳ್ಳೆ ನಿಂತಿತು.

ಓರ್ನೆಲ್ಲಾ ಪಟ್ಟಿ ಹಿಡಿದೇ ಪಕ್ಕದ ಕೋಣೆಗೆ ಓಡಿದಳು. ಅತ್ತೆಯ ತುಟಿ ನೀಲಿ. ಕಣ್ಣು ತೆರೆದೇ ಇತ್ತು. ಆ ಕಣ್ಣು ಪಟ್ಟಿಯನ್ನು ನೋಡಿತು, ಆಮೇಲೆ ಅವಳನ್ನು. ಅಯ್ಯೋ, ನನ್ನ ಕೈಯಾರೆ ಕೊಂದೆನಲ್ಲ! ಗಂಟು ಹಾಕಿದಳು. ಒಂದು. ಎರಡು. ಮಂತ್ರ ಗೊತ್ತಿಲ್ಲ. "ತಪ್ಪಾಯ್ತು ಅತ್ತೆ, ತಪ್ಪಾಯ್ತು!" ಮೂರು. ತಣ್ಣನೆಯದೇನೋ ಅಂಗೈಗೆ ನುಗ್ಗಿತು. ಬೆರಳುಗಳು ತಾವಾಗಿಯೇ ಮುಚ್ಚಿಕೊಂಡವು.

ಅತ್ತೆ ಉಸಿರೆಳೆದಳು.

ಪ್ರದರ್ಶನದಲ್ಲಿ ಓರ್ನೆಲ್ಲಾಳ ಚಿತ್ರವಿರಲಿಲ್ಲ. ಕುಂಚ ಹಿಡಿಯುತ್ತಿದ್ದ ಬಲಗೈಯೊಳಗೆ ಏನೋ ಮಿಡಿಯುತ್ತಿತ್ತು. ಬೆರಳು ಕೊಂಚ ಸಡಿಲಿಸಿದರೂ ಅತ್ತೆಗೆ ಕೆಮ್ಮು.

"ಕೈಗೇನಾಯ್ತೇ?" ಊಟಕ್ಕೆ ಕೂತಾಗ ಅತ್ತೆ ಕೇಳಿದಳು.

ಆಣೆ ಮುರಿದೆ ಎಂದು ಹೇಳಲು ಬಾಯಿ ಬರಲಿಲ್ಲ. "ವಾತ, ಅತ್ತೆ."

ಅತ್ತೆಯ ಚಮಚ ಅರ್ಧಕ್ಕೇ ನಿಂತಿತು. ಫೋಟೋದ ಮುಷ್ಟಿ ನೋಡಿದಳು, ಈ ಮುಷ್ಟಿ ನೋಡಿದಳು. ಕಣ್ಣು ತುಂಬಿಬಂತು.

"ಬಿಟ್ಬಿಡೇ ಮಗಳೇ. ನಂಗೆ ಎಂಬತ್ತಾಯ್ತು."

ಓರ್ನೆಲ್ಲಾ ಮುಷ್ಟಿಯನ್ನು ಇನ್ನಷ್ಟು ಬಿಗಿದಳು.