ಮದುಮಗನ ಕೈಗೆ ದೊಡ್ಡದಾದ ವಾಚು

ನವೆಂಬರ್ ಹನ್ನೆರಡರ ಬೆಳಿಗ್ಗೆ ಏಳು ಗಂಟೆಗೆ ಬಸ್ರೂರಿನ ಸರೋಜ ಕುಂದಾಪುರ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಅವರ ಅಣ್ಣನ ಮಗ ಮಿಥುನ್ ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದ.

"ಮಗ್ಳ್ ನಿನ್ನೆ ಕೆಲ್ಸ ಬಿಟ್ಟ್ ಹೊರ್ಟದ್ ಮನೆಗ್ ಬರ್ಲಿಲ್ಲ ಮೇಡಂ. ಫೋನ್ ಆಫ್."

ಸಬ್ ಇನ್ಸ್‌ಪೆಕ್ಟರ್ ಸುಪ್ರೀತಾ ಪೆನ್ನು ಎತ್ತಿಕೊಂಡರು. "ಹೆಸರು?"

"ಅನಿಷಾ. ಇಪ್ಪತ್ತೈದ್ ವರ್ಷ. ಇಲ್ಲೇ ಪೇಟೆಯ ಮೆಡಿಕಲ್ ಶಾಪಂಗೆ ಕೆಲ್ಸ. ಹೋದ ವಾರ ನಿಶ್ಚಿತಾರ್ಥ ಆಯ್ತ್, ಬ್ರಹ್ಮಾವರದ ಪ್ರಖ್ಯಾತ್ ಅಂದೇಳಿ ಗಂಡ್." ಸರೋಜ ಮೇಜಿನತ್ತ ಬಾಗಿದರು. "ಅವ್ಳಿಗೆ ಸಣ್ಣದ್ರಿಂದ ಸಕ್ಕರೆ ಕಾಯಿಲೆ ಮೇಡಂ. ದಿನಾ ಇನ್ಸುಲಿನ್ ತಕಣ್ಕ್. ಅದಿಲ್ದೇ ಒಂದಿನ ಕಳುದೂ ಕಷ್ಟ ಅಂದೇಳಿ ಡಾಕ್ಟ್ರ್ ಹೇಳಿರ್."

ಬರೆಯುತ್ತಿದ್ದ ಸುಪ್ರೀತಾರ ಕೈ ನಿಂತಿತು. ರಾತ್ರಿಯ ಸೂಜಿ ಆಗಲೇ ತಪ್ಪಿದೆ.

ನಾಪತ್ತೆ ದೂರು ದಾಖಲಾದ ಸ್ವಲ್ಪ ಹೊತ್ತಿಗೆ, ಬಸ್ರೂರಿನ ಹೊಳೆಬದಿಯಲ್ಲಿ ಒಂದು ಸ್ಕೂಟರ್ ನಿಂತಿದೆಯೆಂದು ಮೀನು ಹಿಡಿಯುವವರು ಫೋನ್ ಮಾಡಿದರು. ಹೆಡ್ ಕಾನ್‌ಸ್ಟೆಬಲ್ ದೇವಪ್ಪನವರು ಇಬ್ಬರು ಪಂಚರನ್ನು ಕರೆದು ಪಂಚನಾಮೆ ಬರೆಯತೊಡಗಿದರು. ಸ್ಕೂಟರಿನ ಡಿಕ್ಕಿಯಲ್ಲಿ ಅನಿಷಾಳ ಬ್ಯಾಗು, ಅದರೊಳಗೆ ಇನ್ಸುಲಿನ್. ಪಕ್ಕದ ಹುಲ್ಲು ತುಳಿದು ಎಳೆದಾಡಿದಂತೆ ಮಲಗಿತ್ತು. ಅಲ್ಲೇ ಒಂದು ಗಂಡಸರ ವಾಚು ಬಿದ್ದಿತ್ತು. ಸ್ಟೀಲಿನ ಚೈನು, ಅಗಲವಾದ ಡಯಲು. ಚೈನಿನ ಪಿನ್ನು ಮುರಿದಿತ್ತು.

ಸುಪ್ರೀತಾರ ಜೀಪಿನಲ್ಲಿ ಮಿಥುನನೊಂದಿಗೆ ಬಂದಿದ್ದ ಸರೋಜ ಅದನ್ನು ನೋಡಿದ್ದೇ ಕೂಗಿಕೊಂಡರು. "ಇದ್ ಪ್ರಖ್ಯಾತನ್ ವಾಚ್! ನಿಶ್ಚಿತಾರ್ಥಕ್ಕೆ ನಾವೇ ಕೊಟ್ಟದ್!"

"ಅವ್ನನ್ ಬಿಡ್ಬೇಡಿ ಮೇಡಂ," ಎಂದ ಮಿಥುನ್.

ಮುಳುಗು ತಜ್ಞರು ಹೊಳೆಗಿಳಿದರು. ನಾಪತ್ತೆಯ ಎಫ್‌ಐಆರ್‌ಗೆ ಅಪಹರಣದ ಕಲಂ ಸೇರಿತು. ಅನಿಷಾಳ ಮೊಬೈಲಿನ ಕೊನೆಯ ಸಿಗ್ನಲ್ ಬೈಂದೂರು ರಸ್ತೆಯ ತ್ರಾಸಿ ಟವರಿನದೆಂದು ವರದಿ ಬಂತು. ಹೊಳೆಯೋ, ತ್ರಾಸಿಯೋ? ಎಲ್ಲಿ ಹುಡುಕಿದರೂ ಇನ್ನೊಂದು ಕಡೆ ತಡವಾಗುತ್ತಿದೆಯೆಂಬ ಸಂಕಟದಲ್ಲೇ ಸುಪ್ರೀತಾ ಠಾಣೆಗೆ ಮರಳಿದರು.

ಪ್ರಖ್ಯಾತನನ್ನು ಕರೆತಂದಿದ್ದರು.

"ವಾಚ್ ನಿಮ್ದಾ?"

"ನಂದೇ. ಆರೆ ನನ್ ಹತ್ರ ಇರ್ಲಿಲ್ಲ ಮೇಡಂ. ಕೈಗೆ ದೊಡ್ಡ ಆಯ್ತ್. ಬದಲ್ ಮಾಡ್ಸುಕೆ ಅನಿಷಾಳ ಕೈಯಂಗೆ ಕೊಟ್ಟಿದ್ದೆ."

"ಕೈ ಮುಂದೆ ಮಾಡಿ."

ಸುಪ್ರೀತಾ ಪ್ಲಾಸ್ಟಿಕ್ ಕವರಿನ ಸಮೇತ ವಾಚನ್ನು ಅವನ ಮಣಿಕಟ್ಟಿನ ಮೇಲಿಟ್ಟರು. ಬಡಕಲು ಕೈ. ಡಯಲು ಮಣಿಕಟ್ಟಿನ ಅಗಲವನ್ನೂ ಮೀರಿ, ಚೈನು ಕೂಡುವ ಕಿವಿಗಳು ಎರಡೂ ಬದಿಗೆ ಗಾಳಿಯಲ್ಲಿ ನಿಂತವು. ಸುತ್ತಿದ ಚೈನಿನೊಳಗೆ ಮೂರು ಬೆರಳು ಸಲೀಸಾಗಿ ತೂರುತ್ತಿದ್ದವು.

"ಸಡ್ಲ ಇದ್ದದ್ದಕ್ಕೇ ಕಳ್ಚಿ ಬಿದ್ದದ್ ಇಪ್ಪುಕೂ ಸಾಕ್ ಮೇಡಂ," ಎಂದರು ದೇವಪ್ಪ.

ಸುಪ್ರೀತಾ ಅಲ್ಲವೆಂದು ತಲೆಯಾಡಿಸಿದರು. ಅವರದೂ ಸಣ್ಣ ಕೈಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಮ್ಮಸ್ಸಿನಿಂದ ಗಂಡಸರ ವಾಚು ಕೊಂಡು, ಅದು ದಿನಕ್ಕೆ ಹತ್ತು ಸಲ ಅಂಗೈಗೆ ಜಾರುವುದನ್ನು ಕಂಡವರು. "ಸಡ್ಲ ಇದ್ರೆ ಜಾರಿ ಬೀಳ್ತದೆ ದೇವಪ್ಪನವ್ರೆ, ಪಿನ್ ಮುರಿಯೂದಿಲ್ಲ. ಇದು ಕೈಗೆ ಸರಿಯಾಗಿ ಕೂತಿದ್ದ ವಾಚು. ಹಿಡಿದು ಎಳೆದದ್ದಕ್ಕೇ ಮುರಿದದ್ದು." ಅವರು ಭೂತಗನ್ನಡಿ ಹಿಡಿದರು. ಚೈನಿನ ಎರಡು ಕಡೆ ಕೊಂಡಿ ಬಿಚ್ಚಿದ ಹೊಸ ಗೀರುಗಳಿದ್ದವು. "ಈ ಹುಡುಗನ ಕೈಗಾದ್ರೆ ಇನ್ನೂ ನಾಲ್ಕು ಕೊಂಡಿ ತೆಗೀಬೇಕಿತ್ತು. ಯಾರೋ ದಪ್ಪ ಕೈಯವರು ಅಳತೆ ಮಾಡಿಸಿದ್ದಾರೆ."

ವಾಚು ಕೊಂಡದ್ದು ಬ್ರಹ್ಮಾವರದಲ್ಲಿ. ಪ್ರಖ್ಯಾತನನ್ನೂ ಕೂರಿಸಿಕೊಂಡು ಜೀಪು ಹೆದ್ದಾರಿಗಿಳಿಯಿತು. ಬೆಳಗಿನ ಸೂಜಿಯ ಹೊತ್ತೂ ದಾಟಿತ್ತು.

ಅಂಗಡಿಯ ಪ್ರೇಮಾನಂದರು ವಾಚನ್ನು ಕೂಡಲೇ ಗುರುತಿಸಿದರು. "ಮದುಮಗನ್ ಕೈ ಅಳತಿ ಕೇಣದೇ ತಕಂಡ್ ಹೋಯಿದ್ರ್. ಚೈನಾರೆ ಕೊಂಡಿ ತೆಗ್ದ್ ಸಣ್ಣ ಮಾಡ್ಲಕ್, ಡಯಲ್ ಸಣ್ಣ ಮಾಡುಕೆ ಆತಿಲ್ಲಲೆ! ಮತ್ತೆ ಒಬ್ರ್ ವಾಚ್ ತಕಂಡ್ ಬಂದಾಗ ಬದಲ್ ಕೊಡ್ತೆ ಅಂದೆ. ಬ್ಯಾಡ ಅಂದ್ರ್. ಕೈಗೆ ಹಾಯ್ಕಂಡ್ ಕಂಡ್ರೆ ಲಾಯ್ಕ್ ಕೂಕಂಡಿತ್, ಅಗಲ ಕೈ ಅಲ್ದಾ. ಎರಡ್ ಕೊಂಡಿ ತೆಗ್ದ್, ಒಂದ್ ಬೆರಳ್ ಹೋಪಷ್ಟ್ ಬಿಟ್ಟ್ ಕೊಟ್ಟೆ."

"ಬಂದದ್ದು ಇವರಾ?"

ಪ್ರೇಮಾನಂದರು ಪ್ರಖ್ಯಾತನನ್ನು ನೋಡಿದರು. "ಇವ್ರಲ್ಲ. ಅವ್ರ್ ಮದುಮಗ."

"ಯಾರು ಹೇಳಿದ್ದು?"

"ಅವ್ರೇ. ಮದುಮಗ ನಾನೇ ಅಂದ್ರ್."

ಪ್ರಖ್ಯಾತ್ ಮೊಬೈಲಿನಲ್ಲಿ ನಿಶ್ಚಿತಾರ್ಥದ ಫೋಟೋ ತೆರೆದ. ಪ್ರೇಮಾನಂದರ ಬೆರಳು ಜೋಡಿಯನ್ನು ದಾಟಿ, ಅನಿಷಾಳ ಹಿಂದೆ ನಿಂತು ನಗುತ್ತಿದ್ದ ಮಿಥುನನ ಮೇಲೆ ನಿಂತಿತು.

ಸುಪ್ರೀತಾ ಹೊರಗೆ ಬಂದು ದೇವಪ್ಪನವರಿಗೆ ಫೋನ್ ಮಾಡಿದರು. "ಮಿಥುನ್ ಎಲ್ಲಿ?"

"ಸರೋಜಮ್ಮನ್ನ ಕಾರಂಗೆ ಕೂರ್ಸ್ಕಂಡ್ ಬೈಂದೂರ್ ಬದಿಗೆ ಹುಡ್ಕುಕೆ ಹೋಯ್ದ ಮೇಡಂ."

"ಅವನಿಗೆ ಫೋನ್ ಮಾಡಬೇಡಿ. ಬೈಂದೂರಿನವರು ದೂರದಿಂದ ಕಣ್ಣಿಟ್ಟಿರಲಿ, ಸಾಕು. ತ್ರಾಸಿ ಹತ್ರ ಅವನದ್ದು ಎಂತ ಇದೆ?"

"ತ್ರಾಸಿಂದ ತಿರ್ಗಿರೆ ಗಂಗೊಳ್ಳಿ. ಅಲ್ಲ್ ಅವ್ನ್ ಅಪ್ಪಯ್ಯನ್ ಐಸ್ ಪ್ಲಾಂಟ್ ಇತ್ತ್. ಮುಚ್ಚಿ ಎರಡ್ ವರ್ಷ ಆಯ್ತ್."

"ಆಂಬುಲೆನ್ಸ್ ಕರ್ಕೊಂಡು ಅಲ್ಲಿಗೇ ಬನ್ನಿ. ಇನ್ಸುಲಿನ್ ಬೇಕು ಅಂತ ಹೇಳಿ."

ಜೀಪು ಬ್ರಹ್ಮಾವರದಿಂದ ಗಂಗೊಳ್ಳಿಯತ್ತ ಧಾವಿಸಿತು. ಮುಂದೆ ಹೋಗುತ್ತಿದ್ದ ಪ್ರತಿ ಬಸ್ಸೂ ಬೇಕೆಂದೇ ದಾರಿ ಕಟ್ಟಿದಂತೆ ಕಂಡಿತು. ತನ್ನ ಎಣಿಕೆ ತಪ್ಪಾಗಿದ್ದರೆ? ಸರಿಯಾಗಿದ್ದೂ ತಡವಾಗಿದ್ದರೆ?

ಐಸ್ ಪ್ಲಾಂಟಿನ ತುಕ್ಕು ಹಿಡಿದ ಬಾಗಿಲಿಗೆ ಹೊಸ ಬೀಗ ನೇತಾಡುತ್ತಿತ್ತು. ದೇವಪ್ಪ ಹಾರೆಯಿಂದ ಮೀಟಿದರು. ಒಳಕೋಣೆಯಲ್ಲಿ ಹಳೆಯ ಹೊಟ್ಟಿನ ಮೂಟೆಗಳ ಮೇಲೆ ಅನಿಷಾ ಬಿದ್ದಿದ್ದಳು. ಕೈ ಕಟ್ಟಿತ್ತು, ತುಟಿ ಒಡೆದಿತ್ತು. ಎದೆ ಜೋರಾಗಿ ಏರಿಳಿಯುತ್ತಿತ್ತು. ಸುಪ್ರೀತಾ ಮೊಣಕಾಲೂರಿ ಕೆನ್ನೆ ತಟ್ಟಿದರು.

"ಅನಿಷಾ, ಕೇಂತಾ? ಪೊಲೀಸ್. ಅಮ್ಮ ಕಳ್ಸಿರ್."

ಕಣ್ಣು ಅರೆ ತೆರೆಯಿತು. "ನೀರ್…" ಎಂದಳು.

ಆಂಬುಲೆನ್ಸ್ ಹೋದ ಮೇಲೆ ಸುಪ್ರೀತಾ ಬೈಂದೂರಿಗೆ ಹೊರಟರು. ಬಸ್ ನಿಲ್ದಾಣದಲ್ಲಿ ಸರೋಜ ಕಂಡಕ್ಟರುಗಳಿಗೆ ಮಗಳ ಫೋಟೋ ತೋರಿಸುತ್ತಿದ್ದರು. ಒಂದು ಕೈಯಲ್ಲಿ ಮಿಥುನನ ತೋಳು.

"ಮಗಳು ಸಿಕ್ಕಿದ್ಳು ಸರೋಜಮ್ಮ. ಆಸ್ಪತ್ರೆಯಲ್ಲಿದ್ದಾಳೆ."

ತಾಯಿ ಬಾಯಿ ತೆರೆಯುವ ಮೊದಲೇ ಮಿಥುನ್ ಕೇಳಿದ: "ಜೀವ ಇತ್ತಾ?"

ಸುಪ್ರೀತಾ ಅವನ ತುಂಬುತೋಳಿನ ಅಂಗಿಯನ್ನು ಮೇಲೆ ಸರಿಸಿದರು. ಮಣಿಕಟ್ಟಿನ ಮೇಲೆ ಉಗುರಿನ ಗೀರುಗಳಿದ್ದವು. ಅವನು ಕೈ ಎಳೆದುಕೊಳ್ಳಲಿಲ್ಲ. ಸರೋಜರ ಹಿಡಿತ ನಿಧಾನವಾಗಿ ಸಡಿಲವಾಯಿತು. ಪಂಚರ ಸಮಕ್ಷಮ ಕಾರು ಶೋಧಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹೊಸ ಇನ್ಸುಲಿನ್ ಪೆನ್ನು ಸಿಕ್ಕಿತು.

ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ದಾಖಲಾಯಿತು. ಅನಿಷಾ ಅಪಾಯ ದಾಟಿದ್ದಾಳೆಂಬ ಫೋನ್ ಬಂದ ಮೇಲೆಯೇ ಸುಪ್ರೀತಾ ವಿಚಾರಣೆಗೆ ಕೂತರು.

"ವಾಚ್ ನಿನ್ನ ಕೈಗೆ ಹೇಗೆ ಬಂತು?"

"ಬದಲ್ ಮಾಡ್ಸ್ಕಂಡ್ ಬಾ ಅಂದೇಳಿ ಅವ್ಳೇ ಕೊಟ್ಟದ್. ಹಾಯ್ಕಂಡ್ ಕಂಡೆ. ನಂಗೇ ಮಾಡ್ಸಿದಾಂಗ್ ಇದ್ದಿತ್." ಅವನು ನೆಲ ನೋಡಿದ. "ನಿನ್ನೆ ತೋರ್ಸುಕೆ ಹೋದ್ರೆ, ತೆಗಿ ಅಂದೇಳಿ ಕೈ ಹಿಡ್ದ್ ಎಳ್ದಳ್."

"ಇನ್ಸುಲಿನ್ ಯಾಕೆ ಕೊಡಲಿಲ್ಲ?"

"ಬೆಳಿಗ್ಗೆ ಕೊಡುಕೇ ಹೊರ್ಟದ್ ಮೇಡಂ. ಅತ್ತೆ ಬಂದ್ ಕೈ ಹಿಡ್ಕಂಡ್ರ್, ಹುಡ್ಕುಕೆ ಬಾ ಅಂದೇಳಿ. ಮತ್ತೆ ಬಿಡ್ಲೇ ಇಲ್ಲ."

ಸುಪ್ರೀತಾ ಪೆನ್ನು ಕೆಳಗಿಟ್ಟರು. "ಮದುವೆ ಆಗ್ತೀಯಾ ಅಂತ ಅವಳನ್ನ ಒಮ್ಮೆಯಾದ್ರೂ ಕೇಳಿದ್ಯಾ?"

ಮಿಥುನ್ ಅರ್ಥವಾಗದವನಂತೆ ತಲೆಯೆತ್ತಿದ.

"ಕೇಂಬುದ್ ಎಂತಕೆ ಮೇಡಂ? ಸಣ್ಣದಿಪ್ಪತಿಗೇ ಮನೆಯವ್ರೆಲ್ಲ ಹೇಳ್ತಿದ್ರಲೆ, ಇದ್ ಮಿಥುನನ್ ಹೆಣ್ ಅಂದೇಳಿ."