ಮನೆಯಲ್ಲಿ ಜನ ಇದ್ದ ಹಾಗೆ

ರಾಕೇಶನ ಮದುವೆಗೆ ಸೋದರತ್ತೆ ಕೊಟ್ಟದ್ದು ಮಿಕ್ಸರ್. ಒಳ್ಳೆಯ ಕಂಪನಿಯದ್ದೇ, ಗ್ಯಾರಂಟಿ ಕಾರ್ಡಿನ ಸಮೇತ. ಕೊಡಬೇಕಾಗಿದ್ದದ್ದು ಅಜ್ಜಿಯ ಅವಲಕ್ಕಿ ಸರ. "ಇದು ನನ್ನ ಮೊಮ್ಮಗನ ಹೆಂಡತಿಗೆ" ಎಂದು ಅಜ್ಜಿ ಅವನೆದುರಿಗೇ ಹೇಳಿದ್ದಳು. ಆಗ ಅವನಿಗೆ ಹೆಂಡತಿ ಎಂದರೇನೆಂದು ಗೊತ್ತಿರಲಿಲ್ಲ, ಚಿನ್ನ ಎಂದರೇನೆಂದು ಗೊತ್ತಿತ್ತು. ಅಜ್ಜಿ ಹೋದ ಮೇಲೆ ಸರ ಸರೋಜಿನಿ ಅತ್ತೆಯ ಬ್ಯಾಂಕ್ ಲಾಕರ್ ಸೇರಿತು. ಅವನ ಹೆಂಡತಿ ಭಾಗ್ಯಶ್ರೀ ದಿನಾ ಬೆಳಿಗ್ಗೆ ಶೇಂಗಾ ಚಟ್ನಿಗೆಂದು ಮಿಕ್ಸರ್ ಹಾಕಿದಾಗ, ಆ ಗರಗರ ಸದ್ದಿನಲ್ಲಿ ಅತ್ತೆ ನಗುತ್ತಿರುವಂತೆ ಅವನಿಗೆ ಕೇಳಿಸುತ್ತಿತ್ತು.

ಮಿಕ್ಸರನ್ನಾದರೂ ಅವನು ಕ್ಷಮಿಸಿಬಿಡುತ್ತಿದ್ದನೇನೋ. ಐಸ್‌ಕ್ರೀಮನ್ನು ಕ್ಷಮಿಸುವುದು ಸಾಧ್ಯವಿರಲಿಲ್ಲ.

ನಾಸಿಕ್‌ನಲ್ಲಿ ಅವನು ಹೊಸ ಫ್ಲ್ಯಾಟ್ ತೆಗೆದುಕೊಂಡು ತಾನೇ ಕೈಯಾರೆ ಅಲಂಕಾರ ಮಾಡಿದ್ದ. ಗೃಹಪ್ರವೇಶಕ್ಕೆ ಬಂದ ಅತ್ತೆ ನೇರಳೆ ಗೋಡೆಯನ್ನು ನೋಡಿದಳು. ಫಾಲ್ಸ್ ಸೀಲಿಂಗಿನಿಂದ ಇಳಿಯುತ್ತಿದ್ದ ಗುಲಾಬಿ ಬೆಳಕನ್ನು ನೋಡಿದಳು. ಆಮೇಲೆ ಇಡೀ ಬಳಗದ ಎದುರು ಕೇಳಿದಳು: "ಚಂದ ಉಂಟು ಮಾರಾಯ. ಐಸ್‌ಕ್ರೀಮ್ ಯಾವ ಕೌಂಟರಿನಲ್ಲಿ ಕೊಡ್ತಾರೆ?"

ಅತ್ತೆಯ ಗಂಡ ಹರಿದಾಸ ಮಾವ ಬಿದ್ದು ಬಿದ್ದು ನಕ್ಕರು. ಭಾಗ್ಯಶ್ರೀಗೆ ಕನ್ನಡ ಬಾರದು, ಆದರೂ ನಕ್ಕಳು. ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ಹುಟ್ಟುಹಬ್ಬಕ್ಕೆ ಈಗಲೂ ಕೋನ್ ಐಸ್‌ಕ್ರೀಮಿನ ಚಿತ್ರಗಳೇ ಬರುತ್ತವೆ. ಮನೆ ಚಂದ ಮಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ನಾಸಿಕ್‌ನದೇ ಸಾತಪುರದ ಕಾರ್ಖಾನೆಗಳ ರಸ್ತೆಯಲ್ಲಿ ರಾಕೇಶನ ಅಂಗಡಿ. ವಾಲ್‌ಪೇಪರ್, ಪರದೆ, ಬೀಗ, ಕ್ಯಾಮೆರಾ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಜೊತೆಗೆ ಫೋನಿನಲ್ಲಿ ಮರಾಠಿ ವಿಡಿಯೋ ಮಾಡಿ ಊರಿಗೆಲ್ಲ ಉಪದೇಶ ಹಂಚುತ್ತಿದ್ದ. ಬೀಗಕ್ಕೆ ಎಷ್ಟೇ ಖರ್ಚು ಮಾಡಿ, ಚೌಕಟ್ಟು ಗೆದ್ದಲು ತಿಂದಿದ್ದರೆ ಒಂದು ಒದೆತ ಸಾಕು. ಬೀಗದ ಕೈಯನ್ನು ತುಳಸಿ ಕುಂಡದ ಕೆಳಗಿಡಬೇಡಿ. ಕಳ್ಳನ ಮನೆಯಲ್ಲೂ ತುಳಸಿ ಇರುತ್ತದೆ. ಪ್ರವಾಸದ ಫೋಟೋವನ್ನು ಮನೆಗೆ ವಾಪಸಾದ ಮೇಲೆ ಹಾಕಿ. ಒಳ್ಳೆಯ ಸಲಹೆಗಳೇ. ಇಷ್ಟು ವರ್ಷ ಕಳ್ಳನ ತಲೆಯಿಂದ ಯೋಚಿಸಿ ಯೋಚಿಸಿ ಅವನಿಗೆ ಆ ತಲೆ ಸರಿಯಾಗಿಯೇ ಕೂತಿತ್ತು.

ಅತ್ತೆಯ ಗಲ್ಲಿಯಲ್ಲಿ ಒಂದು ಕಳವು ಆಯಿತು. ಮರುದಿನವೇ ಫೋನ್ ಬಂತು.

"ರಾಕೇಶಾ, ನನಗೆ ರಾತ್ರಿ ನಿದ್ರೆ ಇಲ್ಲ ಮಾರಾಯ. ನಿನ್ನ ಮಾವ ಹೋಟೆಲಿನಿಂದ ಬರುವಾಗ ಗಂಟೆ ಹನ್ನೊಂದು. ನೀನು ಊರಿಗೆಲ್ಲ ಬುದ್ಧಿ ಹೇಳ್ತಿ ಅಲ್ವಾ, ನಮಗೂ ಸ್ವಲ್ಪ ಹೇಳು."

"ಅತ್ತೆ, ಟೆನ್ಶನ್ ನಕೋ. ನಾನು ಸಗಳಂ, ಎಲ್ಲ, ನೋಡ್ತೇನೆ" ಎಂದ ರಾಕೇಶ. ಅವನ ಕನ್ನಡ ಅಷ್ಟೇ, ಅರ್ಧ ಮರಾಠಿ. ಅಜ್ಜ ಉಡುಪಿಯಿಂದ ಬಂದು ಹೋಟೆಲಿನ ಒಲೆಯ ಮುಂದೆ ನಿಂತವರು. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ರಾಕೇಶ ಮರಾಠಿ ಶಾಲೆಗೆ ಹೋದವನು. ಕನ್ನಡದಲ್ಲಿ ಅವನಿಗೆ ಬೈಗುಳ ಮತ್ತು ತಿಂಡಿಯ ಹೆಸರುಗಳು ಪೂರ್ತಿ ತಿಳಿಯುತ್ತಿದ್ದವು. ಉಳಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಹೆಕ್ಕಿಕೊಳ್ಳುತ್ತಿದ್ದ, ಮಿಕ್ಕದ್ದು ಪಕ್ಕದ ಮನೆಯ ಟಿವಿಯಂತೆ ಕಿವಿಯ ಹೊರಗೇ ಹರಿದುಹೋಗುತ್ತಿತ್ತು.

ಫೋನ್ ಇಡುವಷ್ಟರಲ್ಲಿ ಯೋಜನೆ ಅರ್ಧ ಸಿದ್ಧವಾಗಿತ್ತು. ಅದರ ಸೊಗಸೆಂದರೆ, ಎಲ್ಲೂ ಕಳಪೆ ಕೆಲಸ ಮಾಡಬೇಕಾಗಿರಲಿಲ್ಲ. ಅತ್ತೆಯ ಮನೆಯನ್ನು ನಾಸಿಕ್‌ನಲ್ಲೇ ಭದ್ರವಾದ ಮನೆಯನ್ನಾಗಿ ಮಾಡುವುದು. ಒಬ್ಬ ಕಳ್ಳನಿಗೆ ಮಾತ್ರ ದಾರಿ ಬಿಡುವುದು.

ಮುಂಬಾಗಿಲಿನ ಚೌಕಟ್ಟಿಗೆ ಕಬ್ಬಿಣದ ಪಟ್ಟಿ ಬಡಿಸಿದ. ಎಳೆದುಕೊಂಡರೆ ತಾನೇ ಬೀಳುವ ಲ್ಯಾಚ್ ಬೀಗ ಕೂರಿಸಿ ಕೀಲಿಗಳನ್ನು ಅತ್ತೆಯ ಅಂಗೈಗೆ ಸುರಿದ, ಒಂದನ್ನು ಬಿಟ್ಟು. ಗೇಟಿನ ಮೇಲೆ ಕ್ಯಾಮೆರಾ ಹಾಕಿದ. ಅದನ್ನು ನಡೆಸುವ ಆ್ಯಪ್ ತನ್ನ ಫೋನಿನಲ್ಲೇ ಇರಲಿ ಎಂದ. "ನಂಗೆ ಅದೆಲ್ಲ ತಿಳಿಯುವುದಿಲ್ಲ, ನೀನೇ ಇಟ್ಟುಕೋ" ಎಂದಳು ಅತ್ತೆ, ಅವನ ಕೆಲಸವನ್ನು ಅರ್ಧ ತಾನೇ ಮಾಡುತ್ತ. ದೇವರ ಕೋಣೆಗೆ ಸಾಗುವಾನಿಯ ಹೊದಿಕೆ ಮಾಡಿಸಿದ. ದೀಪದ ಹಿಂದಿನ ಹಲಗೆಯನ್ನು ಒತ್ತಿದರೆ ಒಳಗೊಂದು ಗೂಡು ತೆರೆಯುತ್ತಿತ್ತು. ಅತ್ತೆ ಅದನ್ನು ಮಗುವಿನಂತೆ ಮತ್ತೆ ಮತ್ತೆ ಒತ್ತಿ ನೋಡಿದಳು.

"ಇದು ಮಾತ್ರ ಐಸ್‌ಕ್ರೀಮ್ ಅಂಗಡಿ ಹಾಗಿಲ್ಲ" ಎಂದಳು. ರಾಕೇಶ ನಕ್ಕ. ಒಳಗೊಳಗೇ ಅವಳ ಪಾಪದ ಕೊಡಕ್ಕೆ ಇನ್ನೊಂದು ತಂಬಿಗೆ ಸುರಿದ.

ಕೊನೆಯದು ಅವನ ಹೆಮ್ಮೆಯ ಕೂಸು. ಮನೆ ಖಾಲಿಯಾಗಿದ್ದರೂ ಜನ ಇದ್ದ ಹಾಗೆ ಕಾಣಬೇಕು ಎಂದು ವಿಡಿಯೋಗಳಲ್ಲಿ ಅವನು ಸಾರಿ ಸಾರಿ ಹೇಳುತ್ತಿದ್ದ. ದೀಪ ತಾನೇ ಹತ್ತಿ ತಾನೇ ಆರಬೇಕು, ಹೊಸ್ತಿಲ ಹೊರಗೆ ಚಪ್ಪಲಿ ಇರಬೇಕು, ಒಳಗಿನಿಂದ ಮಾತು ಕೇಳಬೇಕು. ಅತ್ತೆಯನ್ನೂ ಮಾವನನ್ನೂ ಅಡುಗೆಮನೆಯಲ್ಲಿ ಕೂರಿಸಿ, ಸುಮ್ಮನೆ ಮಾತಾಡಿ ಎಂದು ಹೇಳಿ, ಅದನ್ನೆಲ್ಲ ಧ್ವನಿಮುದ್ರಿಸಿಕೊಂಡ. ಮನೆ ಖಾಲಿ ಬಿಟ್ಟ ದಿನ ಹಗಲೆಲ್ಲ ಅದು ಒಂದು ಸ್ಪೀಕರಿನಲ್ಲಿ ಓಡುವಂತೆ ಮಾಡಿದ. ಅವನು ಮಾತ್ರ ಅದನ್ನು ಪೂರ್ತಿ ಕೇಳಲಿಲ್ಲ. ಅತ್ತೆ ಮಾತಾಡುವಾಗ ಕೇಳದೆ ಇರುವುದು ಅವನು ಬಾಲ್ಯದಿಂದಲೇ ಕಲಿತ ವಿದ್ಯೆ.

ಕಾರಿನಲ್ಲಿ ನಾಲ್ಕು ಗಂಟೆ ದಾರಿಯ ಛತ್ರಪತಿ ಸಂಭಾಜಿನಗರದಲ್ಲಿ ಮಾವನ ಕಡೆಯವರ ಗೃಹಪ್ರವೇಶ ಬಂತು. ಭಾನುವಾರ ಬೆಳಿಗ್ಗೆ ಬೇಗ ಹೊರಟು, ಊಟ ಮುಗಿಸಿ, ಹತ್ತಿರದ ಖುಲ್ತಾಬಾದಿನ ಮಾರುತಿಗೆ ಕೈಮುಗಿದು ಬರುವುದೆಂದು ನಿಶ್ಚಯವಾಯಿತು. ಅಲ್ಲಿ ಹಾಕಿಕೊಳ್ಳಲೆಂದೇ ಅತ್ತೆ ಸರವನ್ನು ಲಾಕರಿನಿಂದ ತಂದಳು. ಹಿಂದಿನ ದಿನ ಸಂಜೆ ರಾಕೇಶ ಭೇಟಿ ಕೊಟ್ಟ. ಹೈವೇಯಲ್ಲಿ ಕಾರು ಅಡ್ಡಗಟ್ಟುವವರ ಬಗ್ಗೆ, ದೇವಸ್ಥಾನದ ನೂಕುನುಗ್ಗಲಿನಲ್ಲಿ ಕೊರಳಿಗೆ ಕೈ ಹಾಕುವವರ ಬಗ್ಗೆ ಎಷ್ಟು ಮನಮುಟ್ಟುವಂತೆ ಹೇಳಿದನೆಂದರೆ, ಅತ್ತೆ ಎದ್ದುಹೋಗಿ ಸರವನ್ನು ದೀಪದ ಹಿಂದಿನ ಗೂಡಿಗೆ ಸೇರಿಸಿ ಬಂದಳು.

ಭಾನುವಾರ ಮುಂಜಾನೆಯೇ ಅವನು ಹಾಸಿಗೆಯಲ್ಲಿ ಮಲಗಿಕೊಂಡು ಬೆರಳ ತುದಿಯಿಂದ ಗೇಟಿನ ಕ್ಯಾಮೆರಾ ಆರಿಸಿದ. ನೆಟ್‌ವರ್ಕ್ ಇರಲಿಲ್ಲ ಎಂದರೆ ನಾಸಿಕ್‌ನಲ್ಲಿ ಯಾರೂ ಅನುಮಾನಿಸುವುದಿಲ್ಲ. ಆಮೇಲೆ ಸಾತಪುರದ ಒಂದು ಕಾರ್ಖಾನೆಗೆ ಹೋಗಿ ಕ್ಯಾಂಟೀನಿನ ಗೋಡೆಯನ್ನು ಬಹಳ ಗಲಾಟೆ ಮಾಡಿಕೊಂಡು ಅಳೆಯತೊಡಗಿದ. ಮಧ್ಯಾಹ್ನ ಗುಂಪಿಗೆ ಫೋಟೋ ಬಂತು. ಅತ್ತೆ ರೇಷ್ಮೆ ಸೀರೆಯಲ್ಲಿ, ಸಂಭಾಜಿನಗರದ ಬಾಳೆಲೆಯ ಮುಂದೆ, ಕೊರಳಲ್ಲಿ ಕರಿಮಣಿ ಮಾತ್ರ. ಅವನು ಫೋನ್ ಮಾಡಿದ.

"ಅತ್ತೆ, ನಾನು ಸಾತಪುರದಲ್ಲಿ ಇದ್ದೇನೆ, ಫುಲ್ ಡೇ ಕೆಲಸ. ಘರ್ ಸೇಫ್ ಇದೆ, ಆರಾಮಾಗಿ ಜೇವಣ ಮಾಡಿ."

"ಆಯ್ತು ಮಗಾ. ನೀನಿದ್ದಿ ಅಂತಲೇ ನಂಗೆ ಧೈರ್ಯ."

ಈ ಮಾತಿಗೆ ಅವನ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಆಗ ಗುಂಪಿನಲ್ಲಿ ಯಾರೋ ಊಟದ ಕೊನೆಗೆ ಬಡಿಸಿದ ಐಸ್‌ಕ್ರೀಮಿನ ಫೋಟೋ ಹಾಕಿ ಅವನ ಹೆಸರು ಸೇರಿಸಿದರು. ಮನಸ್ಸು ಮತ್ತೆ ಗಟ್ಟಿಯಾಯಿತು.

ಅತ್ತೆಯ ಗಲ್ಲಿ ಭಾನುವಾರದ ಊಟ ಮಾಡಿ ಮಲಗಿತ್ತು. ರಾಕೇಶ ಬೈಕನ್ನು ಮುಖ್ಯರಸ್ತೆಯಲ್ಲೇ ಬಿಟ್ಟು, ಬಣ್ಣದವರು ಹಾಕುವ ಮುಖಗವಸು, ಕೈಗವಸು ಹಾಕಿಕೊಂಡು ನಡೆದು ಬಂದ. ಚೀಲದಲ್ಲಿ ಒಂದು ಕಬ್ಬಿಣದ ಸಲಾಕೆ ಇತ್ತು. ಸರ ತೆಗೆದ ಮೇಲೆ ಹಿತ್ತಿಲ ಬಾಗಿಲನ್ನು ಅದರಿಂದ ಮೀಟಿ ಮುರಿದರೆ ಕಳ್ಳ ಅಲ್ಲಿಂದ ಬಂದ ಹಾಗಾಗುತ್ತದೆ. ಹಿತ್ತಿಲ ಬಾಗಿಲನ್ನೂ ಬದಲಾಯಿಸಿ ಎಂದು ಅವನು ಮೊದಲೇ ಹೇಳಿದ್ದ, ಮಾವ ಬೇಡ ಎಂದಿದ್ದರು. ತಪ್ಪು ಮಾವನದೇ.

ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಎರಡು ಜೊತೆ ಇಡಿ ಎಂದರೆ ಈ ಹೆಂಗಸು ಒಂದು ಮದುವೆಗಾಗುವಷ್ಟು ಇಟ್ಟಿದ್ದಾಳಲ್ಲ! ಅತ್ತೆ ಯಾವುದನ್ನೂ ಅಳತೆಯಲ್ಲಿ ಮಾಡಿದವಳಲ್ಲ. ಬೇಳೆ ಬೆಲ್ಲ ಬೆಂದ ಘಮವೂ ಇತ್ತು. ಅವನು ಕಸುಬುದಾರನ ಕಣ್ಣಿನಿಂದ ಗೋಡೆ ನೋಡಿದ. ತೊಳೆಯಬಹುದಾದ ಬಣ್ಣ ಹೊಡೆಸಿ ಎಂದರೆ ಕೇಳಲಿಲ್ಲ. ಈಗ ಅಷ್ಟು ವರ್ಷಗಳ ಅಡುಗೆಯ ವಾಸನೆಯೆಲ್ಲ ಸುಣ್ಣಕ್ಕೆ ಹಿಡಿದಿದೆ.

ಬಾಗಿಲಿಗೆ ಕಿವಿಯಿಟ್ಟ. ಒಳಗೆ ಮಾತು ಓಡುತ್ತಿತ್ತು.

"ಏ ತಂಗಿ, ಹೂರಣ ತೆಳ್ಳಗಾಗೇತಿ ನೋಡ, ಒಂಚೂರು ತಡಿ ಬೇ!"

"ಬಳಿ ಸಾವಕಾಶ ಏರಸ್ರಿ, ಒಡದೀತು. ಬಸರಿ ಹೆಂಗಸಿನ ಕೈ ಐತಿ."

ರಾಕೇಶನ ಎದೆ ಹೆಮ್ಮೆಯಿಂದ ಉಬ್ಬಿತು. ಏನು ಸ್ಪಷ್ಟ, ಏನು ಜೀವಕಳೆ! ಸ್ಪೀಕರ್ ತಂದದ್ದು ಸಾರ್ಥಕವಾಯಿತು. ಮಾತು ಅರ್ಥವಾಗಲಿಲ್ಲ, ಅತ್ತೆಯ ಮಾತು ಅವನಿಗೆ ಪೂರ್ತಿ ಅರ್ಥವಾಗಿದ್ದಾದರೂ ಯಾವಾಗ? ಅವನು ಕೀಲಿ ತಿರುಗಿಸಿ, ಸಣ್ಣಗೆ ಸೀಟಿ ಹೊಡೆಯುತ್ತ ಒಳಗೆ ಬಂದು ಸೀದಾ ದೇವರ ಕೋಣೆಯ ಕಡೆ ಎರಡು ಹೆಜ್ಜೆಯಿಟ್ಟ.

ಹಾಲ್ ತುಂಬ ಹೆಂಗಸರು. ನಡುವೆ ಹಸಿರು ಸೀರೆಯುಟ್ಟ ತುಂಬು ಬಸುರಿ, ತೊಡೆಯ ಮೇಲೆ ಹೂವು ಹಣ್ಣು. ಒಬ್ಬಳು ಅವಳ ಕೈಗೆ ಬಳೆ ಏರಿಸುತ್ತಿದ್ದವಳು ಹಾಗೆಯೇ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅವನ ಮುಖಗವಸನ್ನು, ಕೈಗವಸನ್ನು, ಚೀಲದಿಂದ ಇಣುಕುತ್ತಿದ್ದ ಸಲಾಕೆಯನ್ನು ಸಾವಕಾಶವಾಗಿ ನೋಡಿದಳು.

"ಯಾರ್ ಬೇಕಾಗಿತ್ರೀ?"

ರಾಕೇಶ ಮುಖಗವಸು ಇಳಿಸಿದ. "ಮೈ... ನಾನು ಸರೋಜಿನಿಯತ್ತೆಯ ಭಾಚಾ."

"ಹಂಗಾದ್ರ ಬರ್ರಿ, ಕೂಡ್ರಿ!" ಆಕೆ ಅರಳಿದಳು. ಅವಳ ಹೆಸರು ಮಲಕವ್ವ. ಹಿಂದಿನ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಬಂದವಳು. ಗೌಂಡಿ ಮಹಿಬೂಬನ ಹೆಂಡತಿ ರೇಷ್ಮಾಳಿಗೆ ಕೆಲಸದವರೆಲ್ಲ ಸೇರಿ ಕುಬುಸ, ಎಂದರೆ ಸೀಮಂತ, ಮಾಡುತ್ತಿದ್ದರು. ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಮಲಕವ್ವ ಕೈಗೆ ಬಿಸಿ ಹೋಳಿಗೆಯ ತಟ್ಟೆ ಕೊಟ್ಟು, ಇನ್ನೊಂದು ಕೈಯಿಂದ ಅತ್ತೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಅಕ್ಕಾರ, ನಿಮ್ಮ ಅಳಿಯಾರು ಬಂದಾರ್ರಿ!"

"ರಾಕೇಶನಾ?" ಅತ್ತೆಯ ದನಿ ಹಾಲಿನ ತುಂಬ ಕೇಳಿಸಿತು. "ನೀನು ಸಾತಪುರದಲ್ಲಿ ಅಲ್ವಾ ಇದ್ದದ್ದು?"

"ಅತ್ತೆ, ಬಂದೆ... ಒಳಗೆ ಆವಾಜ್ ಬಂತು. ಚೋರ್ ಅಂತ ಡೌಟ್ ಆಯ್ತು. ಹಿಡಿಯಲಿಕ್ಕೆ ಬಂದೆ."

"ಅಯ್ಯೋ, ಒಬ್ಬನೇ ಎಂತಕ್ಕೆ ಒಳಗೆ ಹೋದೆ ಮಗಾ! ಅವರ ತಗಡಿನ ಶೆಡ್ಡು ಕಾವಲಿ ಹಾಗೆ ಕಾಯ್ತದೆ. ಬಸುರಿ ಹುಡುಗಿ ಪಾಪ, ನಮ್ಮ ಹಾಲಿನಲ್ಲೇ ಮಾಡಿಕೊಳ್ಳಿ ಅಂತ ಬೀಗದ ಕೈ ಕೊಟ್ಟು ಬಂದೆ. ನೀನೇ ಹೇಳಿದ್ದಲ್ವಾ, ಮನೆಯಲ್ಲಿ ಜನ ಇದ್ದ ಹಾಗೆ ಕಾಣಬೇಕು ಅಂತ. ಕಾಣುವುದು ಎಂತಕ್ಕೆ, ಜನರೇ ಇರಲಿ."

ರಾಕೇಶ ಉಸಿರುಬಿಟ್ಟ. ಕಳ್ಳನನ್ನು ಹಿಡಿಯಲು ಬಂದ ಧೀರ! ಹೋಳಿಗೆಯ ತುಂಡೊಂದನ್ನು ಬಾಯಿಗೂ ಹಾಕಿಕೊಂಡ.

"ಧೈರ್ಯಾ ಭಾಳ ಐತ್ರಿ ಇವ್ರಿಗೆ" ಎಂದಳು ಮಲಕವ್ವ, ಮನಸಾರೆ ಮೆಚ್ಚಿ. "ಕಳ್ಳನ್ನ ಹಿಡ್ಯಾಕ ಬಂದೋರು ಸೀಟಿ ಹೊಡಕೋತ ಬಂದ್ರು ನೋಡ್ರಿ. ಚಾವಿ ಹಾಕಿ ಸೀದಾ ದೇವರ ಕೋಲಿ ಕಡೆ ಹೊಂಟಿದ್ರು."

"ಚಾವಿಯಾ? ಯಾವ ಚಾವಿ?"

ರಾಕೇಶ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟ. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. "ಅತ್ತೆ, ಒಳಗೆ ಜನ ಇದ್ದಾರೆ ಅಂತ ನಂಗೆ ಗೊತ್ತಿರಲಿಲ್ಲ..." ಎಂದ ರಾಕೇಶ, ಬಾಯಿ ತಪ್ಪಿ. "ಮಾತು ಕೇಳಿತು. ನಿಮ್ಮ ಟೇಪು ಅಂದ್ಕೊಂಡೆ."

ಮಲಕವ್ವ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಲಟ್ಟಣಿಗೆ ಮತ್ತೆ ಕೈಗೆ ಬಂದಿತ್ತು. "ಟೇಪು ಅಂದ್ಕೊಂಡರೆ ಕಳ್ಳ ಅಂತ ಹೇಗೆ ಅಂದ್ಕೊಂಡೆ? ಟೇಪಿನಲ್ಲಿ ಇರುವುದು ನಾನು ಮತ್ತೆ ನಿನ್ನ ಮಾವ" ಎಂದಳು ಅತ್ತೆ, ಮೆಲ್ಲಗೆ. "ಉಡುಪಿಯವರು ಮಾತಾಡಿದ್ದು. ಮಲಕವ್ವ ವಿಜಯಪುರದ ಆಚೆಯವಳು ಮಾರಾಯ. ಅವರ ಮಾತು ಬೇರೆ, ನಮ್ಮ ಮಾತು ಬೇರೆ. ಕಿವಿ ಇದ್ದವನಿಗೆ ಗೇಟಿನ ಹೊರಗೇ ಗೊತ್ತಾಗ್ತಿತ್ತು. ನಿಂಗೆ ಎರಡೂ ಒಂದೇ ಕೇಳಿತಾ?" ರಾಕೇಶನಿಗೆ ಎರಡೂ ಒಂದೇ ಕೇಳಿತ್ತು.