ನನ್ನ ಅಲರ್ಟ್ ನಿಮ್ಮ ಫೋನಿಗೆ ಯಾಕೆ?

"ನನ್ನ ಡಿಪ್ಲಾಯ್‌ಮೆಂಟ್ ನಿಲ್ಲಿಸಿದ್ದು ಯಾರು?"

ಅವಳ ದನಿಗೆ ಇಡೀ ಮಹಡಿಯ ಕೀಬೋರ್ಡುಗಳು ಒಮ್ಮೆಲೇ ಸುಮ್ಮನಾದವು. ಕಿಟಕಿ ಪಕ್ಕದ ಮೇಜಿನಲ್ಲಿ ಹೊಸದಾಗಿ ಸೇರಿದ್ದವನು ಕೈ ಎತ್ತಿದ, ತರಗತಿಯಲ್ಲಿ ಹಾಜರಿ ಹೇಳುವ ಹುಡುಗನ ಹಾಗೆ!

"ನಾನೇ."

"ಯಾಕೆ?"

"ಇವತ್ತು ಶುಕ್ರವಾರ. ಸಾಯಂಕಾಲ ಬೇರೆ ಆಯ್ತು. ಹೊಸ ಕೋಡ್ ಈಗ ಹಾಕಿ ಏನಾದ್ರೂ ಕೆಟ್ರೆ ನಾಳೆ ನೋಡೋರು ಯಾರು?"

"ನಾನು ನೋಡ್ತೀನಿ! ನನ್ನ ಪೈಪ್‌ಲೈನ್, ನನ್ನ ತಲೆನೋವು. ನಿಮಗೇನು ಕಷ್ಟ?"

"ಸೋಮವಾರ ಹಾಕೋಣ ಮೇಡಂ," ಎಂದವನೇ ಪರದೆಯತ್ತ ತಿರುಗಿಬಿಟ್ಟ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. 'ಸೇರಿ ಒಂದು ವಾರ ಆಗಿಲ್ಲ, ಆಗಲೇ ತಲೆ ಮೇಲೆ ಕೂರೋಕೆ ಬಂದ...'

ಇವರ ಪ್ರೇಮಕಥೆ ಶುರುವಾದದ್ದು ಹೀಗೆ. ಅವತ್ತು ಯಾರಾದರೂ ಇದನ್ನು ಪ್ರೇಮ ಎಂದಿದ್ದರೆ ಅವಳು ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಿದ್ದಳು, ಆ ಮಾತು ಬೇರೆ.

ಆಫೀಸಿನವರು ಸುಮ್ಮನಿರುತ್ತಾರೆಯೇ? ಸಿಸ್ಟಮ್‌ಗಳನ್ನು ಕಾಯುವ ಟೀಮಿನಲ್ಲಿದ್ದು ಎಲ್ಲರ ಹೊಸ ಕೆಲಸಕ್ಕೂ ಅಡ್ಡಗಾಲು ಹಾಕುವ ಅವನಿಗೆ 'ಬ್ರೇಕು' ಎಂದು ಹೆಸರಿಟ್ಟರು. ಅವಳಿಗೆ ಮೊದಲೇ ಒಂದು ಹೆಸರಿತ್ತು, 'ಕುಕ್ಕರ್'. ಕೂಗಿಬಿಟ್ಟರೆ ತಣ್ಣಗಾಗುತ್ತಾಳೆ ಎಂದು.

ಅವಳ ಪೈಪ್‌ಲೈನ್ ಮಾಡುತ್ತಿದ್ದ ಕೆಲಸ ಇಷ್ಟು. ಊರಿನ ಡಯಾಲಿಸಿಸ್ ಕೇಂದ್ರಗಳೆಲ್ಲ ಅಂದಂದಿನ ರೋಗಿಗಳ ವಿವರ ಕಳಿಸುತ್ತವೆ. ಬೆಳಗಿನ ಜಾವ, ಹೊತ್ತಿಗೆ ಸರಿಯಾಗಿ, ಅದು ತಾನಾಗಿಯೇ ಎದ್ದು ಎಲ್ಲವನ್ನೂ ಕೂಡಿಸಿ, ಯಾವ ವ್ಯಾನ್ ಯಾವ ಮನೆಗೆ ಹೋಗಬೇಕೆಂದು ಚಾಲಕರ ಫೋನಿಗೆ ತಿಳಿಸುತ್ತದೆ. ಎಲ್ಲಾದರೂ ಮುಗ್ಗರಿಸಿದರೆ ಅವಳ ಫೋನಿಗೆ ಅಲರ್ಟ್ ಬಡಿಯುತ್ತದೆ. ಅವಳು ಎದ್ದು ಸರಿಮಾಡುತ್ತಾಳೆ.

ಮೂತ್ರಪಿಂಡ ಕೈಕೊಟ್ಟವರಿಗೆ ಆ ವ್ಯಾನ್ ಬರಲೇಬೇಕು. ಹಾಗಾಗಿ ಆ ಅಲರ್ಟ್ ಎಂದರೆ ಅವಳಿಗೆ ಅರ್ಧ ಜೀವ.

ಅಷ್ಟರಲ್ಲಿ ಅವಳ ಅಮ್ಮ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮನೆಯಲ್ಲಿ ಇರುವವರು ಇಬ್ಬರೇ. ಹಗಲು ಆಫೀಸು, ಉಳಿದ ಹೊತ್ತು ಅಮ್ಮ. ಅವಳು ಯಾರಿಗೂ ಬಾಯಿ ಬಿಡಲಿಲ್ಲ. 'ಅಯ್ಯೋ ಪಾಪ' ಅನ್ನಿಸಿಕೊಳ್ಳುವುದೆಂದರೆ ಅವಳಿಗೆ ಆಗದು. ಮೀಟಿಂಗಿನಲ್ಲೊಮ್ಮೆ ಕೂತಲ್ಲೇ ತೂಕಡಿಸಿದಾಗಲೂ ಕಣ್ಣುರಿ ಎಂದು ಸುಳ್ಳು ಹೇಳಿದ್ದಳು.

ಆದರೆ ಒಂದು ಸಮಾಧಾನವಿತ್ತು. ಆಮೇಲಿನ ದಿನಗಳಲ್ಲಿ ಅಲರ್ಟ್ ಬರುವುದೇ ನಿಂತುಹೋಗಿತ್ತು! ಕೆಲಸದ ಸ್ಥಿತಿ ತೋರಿಸುವ ಡ್ಯಾಶ್‌ಬೋರ್ಡ್ ನೋಡಿದರೆ ಪೂರ್ತಿ ಹಸಿರು, ಎಲ್ಲ ಸರಿ ಎಂದು. 'ಅಂತೂ ನನ್ನ ಕೆಲಸ ಗಟ್ಟಿಯಾಯ್ತು' ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಆ ದಿನಗಳಲ್ಲಿ ಅವಳಿಗಿದ್ದ ಸಂತೋಷ ಅದೊಂದೇ.

ಅಂಥದೇ ಒಂದು ಹಸಿರು ಬೆಳಿಗ್ಗೆ ಅವಳು ಆಫೀಸಿಗೆ ಬಂದರೆ ಫೋನುಗಳೆಲ್ಲ ಒಟ್ಟಿಗೆ ಅರಚಿಕೊಳ್ಳುತ್ತಿದ್ದವು.

ವ್ಯಾನುಗಳು ನಿನ್ನೆ ಹೋದ ಮನೆಗಳಿಗೇ ಇವತ್ತೂ ಹೋಗಿದ್ದವು! ನಿನ್ನೆ ಡಯಾಲಿಸಿಸ್ ಮಾಡಿಸಿಕೊಂಡು ಬಂದವರು "ಮತ್ತೆ ಯಾಕ್ರಪ್ಪಾ ಬಂದ್ರಿ?" ಎನ್ನುತ್ತಿದ್ದರು. ಇವತ್ತು ಹೋಗಬೇಕಾದವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು.

"ಬೆಳಿಗ್ಗೆ ಅಲರ್ಟ್ ಬಂದಾಗ ಎಲ್ಲಿದ್ದೆ?" ಮ್ಯಾನೇಜರ್ ಮೇಡಂ ಎಲ್ಲರೆದುರೇ ಕೇಳಿದರು.

"ಅಲರ್ಟೇ ಬಂದಿಲ್ಲ ಮೇಡಂ."

"ಹೋಗಿದೆ ಅಂತ ಇಲ್ಲಿ ತೋರಿಸ್ತಿದೆಯಲ್ಲ? ನಿನ್ನಿಂದ ಆಗಲ್ಲ ಅಂದ್ರೆ ಹೇಳಿಬಿಡು, ಬೇರೆಯವರಿಗೆ ಕೊಡ್ತೀನಿ."

ಅವಳು ಅಲರ್ಟಿನ ಸೆಟ್ಟಿಂಗ್ ತೆರೆದಳು. ಅಲ್ಲಿ ಅವಳ ನಂಬರ್ ಇರಲಿಲ್ಲ. ಬೇರೆ ಯಾರದೋ ನಂಬರ್... ಯಾರದು?

ಬ್ರೇಕಿನದು!

ಎಷ್ಟೋ ವಾರಗಳಿಂದ ಅವಳ ಪೈಪ್‌ಲೈನ್ ಮುಗ್ಗರಿಸಿದಾಗಲೆಲ್ಲ ಎದ್ದವನು ಅವನು. ಸದ್ದಿಲ್ಲದೆ ಸರಿಮಾಡಿದವನೂ ಅವನೇ. ಅವಳು ಹಿಗ್ಗಿದ್ದೆಲ್ಲ ಬರೀ ಸುಳ್ಳು. ಇವತ್ತು ಒಂದು ಕೇಂದ್ರದ ವಿವರ ತಡವಾಗಿ ಬಂದು ಕೆಲಸ ನಿಂತಿತ್ತು. ಅವನು ಇದೇ ಮೊದಲ ಸಲ ಅದನ್ನು ಕೈಯಾರೆ ಮತ್ತೆ ಓಡಿಸಿದ್ದ. ಹಾಗೆ ಮಾಡುವಾಗ ತಾರೀಖನ್ನು ನಾವೇ ಬರೆಯಬೇಕು. ಬರೆಯದಿದ್ದರೆ ಅದು ಕಳೆದ ಸಲ ಸರಿಯಾಗಿ ಓಡಿದ ದಿನದ್ದನ್ನೇ ಎತ್ತಿಕೊಂಡು ಮತ್ತೆ ಕಳಿಸುತ್ತದೆ. ಈ ಹಾಳು ಚಾಳಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಮೊದಲು ಅವಳು ಸರಿಯಾದ ತಾರೀಖು ಹಾಕಿ ಓಡಿಸಿದಳು. ಚಾಲಕರಿಗೆ ಹೊಸ ವಿಳಾಸಗಳು ಹೋದವು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು.

"ನನ್ನ ಅಲರ್ಟ್ ನಿಮ್ಮ ಫೋನಿಗೆ ಯಾಕೆ?"

ಅವನು ಎದ್ದುನಿಂತ. ಮುಖದಲ್ಲಿ ರಕ್ತವಿರಲಿಲ್ಲ. "ತಪ್ಪು ನಂದೇ. ಮೇಡಂಗೂ ಈಗಷ್ಟೇ ಹೇಳ್ದೆ."

"ತಪ್ಪು ಯಾರದು ಅಂತ ಕೇಳಿದ್ನಾ? ಯಾಕೆ ಅಂತ ಕೇಳ್ದೆ! ನನ್ನ ಕೆಲಸ ಕಿತ್ಕೊಂಡು ನಿಮ್ಮ ಟೀಮಿಗೆ ಸೇರಿಸ್ಕೊಳ್ಳೋ ಉಪಾಯ ತಾನೇ?"

"ಅಲ್ಲ..."

"ಮತ್ತೆ?"

"ಮೀಟಿಂಗ್‌ನಲ್ಲಿ ತೂಕಡಿಸ್ತಿದ್ರಲ್ಲ, ಅವತ್ತು ಮೆಟ್ಟಿಲ ಹತ್ರ ನೀವು ಫೋನಲ್ಲಿ ಮಾತಾಡೋದು ಕೇಳಿಸ್ತು. ಅಮ್ಮನಿಗೆ ಆಪರೇಷನ್ ಅಂತ... ಕೆಳಗೆ ಕೂತು ಅಳ್ತಿದ್ರಿ. ಬೆಳಗಿನ ಹೊತ್ತಾದ್ರೂ ಸ್ವಲ್ಪ ನಿದ್ದೆ ಮಾಡ್ಲಿ ಅಂತ..."

ಅಕ್ಕಪಕ್ಕದವರೆಲ್ಲ ಅವಳತ್ತ ತಿರುಗಿದರು. ಅವಳ ಕಿವಿ ಬಿಸಿಯಾಯಿತು. ಬಚ್ಚಿಟ್ಟದ್ದೆಲ್ಲ ಈಗ ಎಲ್ಲರ ಮುಂದೆ ಬಿದ್ದಿತ್ತು.

"ನೀನ್ಯಾರು?" ಬಹುವಚನ ಯಾವಾಗ ಹಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ. "ನನಗೆ ನಿದ್ದೆ ಬೇಕೋ ಬೇಡವೋ ತೀರ್ಮಾನ ಮಾಡೋಕೆ ನೀನ್ಯಾರು? ನಿನ್ನ ಕನಿಕರ ನೀನೇ ಇಟ್ಕೋ!"

ಬ್ಯಾಗು ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು.

ತಪ್ಪು ಮನೆಗಳಿಂದ ಬರಿದೇ ವಾಪಸಾಗಿದ್ದ ವ್ಯಾನುಗಳಲ್ಲಿ ಕೊನೆಯದು ಕೆಳಗೆ ಹೊರಡುತ್ತಿತ್ತು. ಕಾದವರನ್ನು ತಾನೇ ಹೋಗಿ ಕರೆತರಬೇಕು, ಕ್ಷಮೆ ಕೇಳಬೇಕು ಎನ್ನಿಸಿ ಅವಳು ಹತ್ತಿಬಿಟ್ಟಳು. ಬಾಗಿಲು ಮುಚ್ಚುವ ಮೊದಲೇ ಅವನೂ ಏದುಸಿರು ಬಿಡುತ್ತ ಬಂದು ಹತ್ತಿದ.

"ಇಳಿ."

"ಕಾಯಿಸಿದ್ದು ನಾನು. ಬೈಸ್ಕೊಳ್ಳೋನೂ ನಾನೇ ಆಗ್ಬೇಕಲ್ಲ?"

ಡ್ರೈವರಣ್ಣ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, "ಜಗಳ ಆಮೇಲಾಡಿ, ಮೊದಲು ಕೂತ್ಕೊಳ್ಳಿ," ಎಂದು ಗಾಡಿ ಬಿಟ್ಟ.

ಮೊದಲ ಮನೆಯ ಅಜ್ಜಿ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದರು. ಮುಖ, ಕಾಲು ಎರಡೂ ಊದಿದ್ದವು.

"ನೀವೇನಾ ಕಂಪ್ಯೂಟರ್‌ನವರು?" ಅಜ್ಜಿ ಗುಡುಗಿದರು. "ಬೆಳಿಗ್ಗೆಯಿಂದ ಕೂತಿದೀನಿ! ಬರಲ್ಲ ಅಂತಾದ್ರೂ ಒಂದು ಮಾತು ಹೇಳೋಕಾಗಲ್ವಾ? ಕಾಯೋರಿಗೆ ಗೊತ್ತು ಸಂಕಟ!"

"ನನ್ನ ತಪ್ಪು ಅಜ್ಜಿ," ಎಂದ ಅವನು.

"ನಂದೂ ಇದೆ ಅಜ್ಜಿ," ಎಂದಳು ಅವಳು. ತಾರೀಖಿನ ಆ ಚಾಳಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ತಾನೇ ನೋಡಿಕೊಳ್ಳುತ್ತೇನೆಂಬ ಹಟ.

"ಇಬ್ಬರೂ ಸೇರಿ ಒಂದು ಕೆಲಸ ಕೆಡಿಸಿದ್ರಾ? ಸರಿಯಾದ ಜೋಡಿ!" ಎಂದು ಅಜ್ಜಿ ಬೈಯುತ್ತಲೇ ಇಬ್ಬರ ಹೆಗಲ ಮೇಲೂ ಕೈಯಿಟ್ಟು ವ್ಯಾನ್ ಹತ್ತಿದರು.

ಮನೆ ಮನೆಯಲ್ಲೂ ಮಂಗಳಾರತಿಯೇ. ಕೊನೆಯವರನ್ನೂ ಕೇಂದ್ರದ ಹಾಸಿಗೆಗೆ ತಲುಪಿಸಿದ ಮೇಲೆ ನರ್ಸ್ ಹೊರಗೆ ಬಂದು, "ಎಲ್ಲರೂ ಆರಾಮಾಗಿದಾರೆ," ಎಂದರು. ಆಗಷ್ಟೇ ಅವಳು ಕಾರಿಡಾರಿನ ಬೆಂಚಿನ ಒಂದು ತುದಿಯಲ್ಲಿ ಕೂತಳು. ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ನನ್ನನ್ನ ಕೇಳ್ಬೇಕಿತ್ತು," ಎಂದಳು. ದನಿಯಲ್ಲಿ ಇನ್ನೂ ಬೆಂಕಿಯಿತ್ತು.

"ಕೇಳಿದ್ರೆ ಬೇಡ ಅಂತಿದ್ರಿ."

"ಹೌದು, ಬೇಡ ಅಂತಿದ್ದೆ! ಕೂಗಾಡ್ತಿದ್ದೆ. ಆಮೇಲೆ ಮನೆಗೆ ಹೋಗಿ ಅಳ್ತಿದ್ದೆ. ಮಾರನೇ ದಿನ ಬಂದು ಹೂಂ ಅಂತಿದ್ದೆನೋ ಏನೋ! ಅದೆಲ್ಲ ನಾನು ಮಾಡ್ಬೇಕಾಗಿದ್ದು. ನೀನು ಒಂದು ನಂಬರ್ ಬದಲಾಯಿಸಿ ಅಷ್ಟನ್ನೂ ಕಿತ್ಕೊಂಡೆ."

ಅವನು ತಲೆಯಾಡಿಸಿದ.

"ಕನಿಕರ ಅಂದ್ರಲ್ಲ... ಕನಿಕರ ಅಲ್ಲ," ಎಂದ. "ಕೇಳೋಕೆ ಭಯ ಆಯ್ತು. ನೀವು ಬಂದು ನನ್ನ ಮೇಲೆ ಕೂಗಾಡದ ದಿನ ನನಗೆ ಆಫೀಸಿಗೆ ಬಂದ ಹಾಗೇ ಅನ್ಸಲ್ಲ. ಇಷ್ಟ ಅಂತ ಹೇಳೋ ಧೈರ್ಯ ಇರ್ಲಿಲ್ಲ. ನಿಮ್ಮ ಅಲರ್ಟ್‌ಗೆ ಏಳೋದು ಅದಕ್ಕಿಂತ ಸುಲಭ ಅನ್ನಿಸ್ತು."

'ಇವನಾ... ನನ್ನನ್ನಾ?' ಅಷ್ಟು ಬೆಳಗಿನ ಜಾವಗಳಲ್ಲಿ ಅವಳಿಗಾಗಿ ಎದ್ದವನು, ಒಂದು ದಿನವೂ ಹೇಳಿಕೊಳ್ಳದವನು. ಕೋಪದ ಜೊತೆಗೇ ಅಳು ನುಗ್ಗಿಬಂತು. ಒಂದನ್ನು ತಡೆದರೆ ಇನ್ನೊಂದು!

"ಇಂಥ ಹೆದರುಪುಕ್ಕಲನ್ನ ನಾನೆಲ್ಲೂ ನೋಡಿಲ್ಲ!"

"ನಂಬರ್ ಈಗಲೇ ಬದಲಾಯಿಸ್ತೀನಿ. ಮೊದಲಿನ ಹಾಗೆ."

"ಮುಟ್ಟಬೇಡ! ನಾನೇ ಬದಲಾಯಿಸ್ತೀನಿ."

"ಸರಿ."

ಅವಳು ಸೆರಗಿನಂಚಲ್ಲಿ ಕಣ್ಣೊರೆಸಿಕೊಂಡಳು. ಅವನು ಫೋನನ್ನು ಜೇಬಿಗೆ ಹಾಕಿ ಅವಳತ್ತ ತಿರುಗಿದ.

"ಒಂದು ಮಾತು ಕೇಳ್ಲಾ?"

"ಏನು?"

"ಭಾನುವಾರ ನಿಮ್ಮನೆಗೆ ಬರ್ಲಾ? ಅಮ್ಮನ ಪಕ್ಕ ನಾನು ಕೂತಿರ್ತೀನಿ. ನೀವು ಸ್ವಲ್ಪ ಮಲಗಿ. ಬೇಡ ಅಂದ್ರೆ... ಬರಲ್ಲ."

ಬೇಡ ಎಂಬ ಮಾತು ಅಭ್ಯಾಸದಂತೆ ಅವಳ ನಾಲಿಗೆಯ ತುದಿಗೇ ಬಂತು. ಆದರೆ ಅವನು ಕಾಯುತ್ತಿದ್ದ. ಅವಳ ಮುಖ ನೋಡುತ್ತ, ಉಸಿರು ಬಿಗಿಹಿಡಿದು, ಅವಳೇ ಹೇಳಲೆಂದು ಕಾಯುತ್ತಿದ್ದ.

"ನನ್ನ ಕೋಪ ಇನ್ನೂ ಹೋಗಿಲ್ಲ," ಎಂದಳು.

"ಗೊತ್ತು."

"ಭಾನುವಾರಕ್ಕೂ ಹೋಗಲ್ಲ!"

"ಪರವಾಗಿಲ್ಲ. ಬೈಸ್ಕೊಂಡೇ ಕೂತಿರ್ತೀನಿ."

ಅವಳು ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು, ಅವನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

"ಬಾ," ಎಂದಳು.